ಕಾರವಾರದ ದೀಪ, ನಮ್ಮ ಬಾವಿ ದೀಪ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೋರಿಗೆ ಸಮುದ್ರ ಅಂದ್ರೆ ಏಟು ಗೊತ್ತು? ಧರ್ಮಸ್ಥಳ ಮುಗಿಸಿ, ಉಡುಪೀಲಿ ಊಟ ಮಾಡಿ, ಮಲ್ಪೇಲಿ ಒಂದು ಗಂಟೆ ಕಾಲು ನೆನೆಸ್ಕೊಂಡು, ಒದ್ದೆ ಸೀರೆ ಹಿಂಡಿ ಬಸ್ ಹತ್ತೋದು. ನಾನೂ ಐವತ್ತು ದಾಟೋವರೆಗೆ ಅಷ್ಟೇ ಕಂಡೋಳು. ಹೋದ ವರ್ಷ ಅಳಿಯಂದ್ರಿಗೆ ಕಾರವಾರಕ್ಕೆ ವರ್ಗ ಆಯ್ತು. ಮಗಳು ಫೋನ್ ಮಾಡಿ, "ಅಮ್ಮ, ಇಲ್ಲಿ ಕಡಲೊಳಗೆ ಒಂದು ಗುಡ್ಡ ಐತೆ. ಗುಡ್ಡದ ತುಂಬ ಕಾಡು, ಮೇಲೆ ದೀಪಸ್ತಂಭ. ನಡೆಯೋಕೆ ಏನೂ ಕಷ್ಟ ಇಲ್ಲ, ಬಾ" ಅಂದ್ಲು. ದೀಪಸ್ತಂಭ ಅಂದ ತಕ್ಷಣ ನನ್ನ ಕಣ್ಣಿಗೆ ಬಂದಿದ್ದು ನಮ್ಮೂರ ದೇವಸ್ಥಾನದ ಮುಂದಿನ ಕಲ್ಲು ಕಂಬ. ಕಾರ್ತಿಕದಲ್ಲಿ ಏಣಿ ಹಾಕಿ ಹತ್ತಿ ದೀಪ ಇಡ್ತಾರಲ್ಲ, ಅದು. "ಕಡಲೊಳಗೆ ಯಾವ ದೇವ್ರೇ?" ಅಂದೆ. "ಲೈಟ್‌ಹೌಸ್ ಕಣಮ್ಮ" ಅಂತ ನಕ್ಕಳು.

ನಮ್ಮನೆಯೋರು ಬರಲಿಲ್ಲ. ಕೊಬ್ಬರಿ ಸುಲಿಯೋ ಆಳುಗಳು ಆ ವಾರವೇ ಸಿಕ್ಕಿದ್ರು, ಬಿಟ್ಟರೆ ಮತ್ತೆ ಸಿಗಲ್ಲ ಅಂತ ಮನೇಲೇ ಉಳ್ಕೊಂಡ್ರು. ನಾನು ಒಂದು ಚೀಲದಲ್ಲಿ ಉಂಡೆ ಕೊಬ್ಬರಿ, ಹುಚ್ಚೆಳ್ಳು ಪುಡಿ, ಒಂದು ಬಾಟ್ಲಿ ಮನೆ ಕೊಬ್ಬರಿ ಎಣ್ಣೆ ತುಂಬ್ಕೊಂಡು ತಿಪಟೂರಲ್ಲಿ ರೈಲು ಹತ್ತಿದೆ. ಹುಬ್ಬಳ್ಳೀಲಿ ಇಳಿದು ಬಸ್ಸು. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವಾಗ ಕಿವಿ ಗುಯ್ ಅಂತು, ಗಾಳಿ ಬಿಸಿ ಆಯ್ತು. ಡಿಸೆಂಬರ್ ಅದು. ನಮ್ಮನೇಲಿ ಹೊರಡುವಾಗ ಬಾಟ್ಲೀಲಿದ್ದ ಎಣ್ಣೆ ಬೆಣ್ಣೆ ಥರ ಗಟ್ಟಿ ಆಗಿತ್ತು. ಮಗಳ ಮನೇಲಿ ಚೀಲ ಬಿಚ್ಚಿದಾಗ ನೀರಾಗಿತ್ತು. ಇದು ಸಣ್ಣ ಮಾತು ಅನ್ಸುತ್ತೆ, ಮುಂದೆ ಇದೇ ಮಾತು ಬರುತ್ತೆ, ನೆನಪಿಟ್ಕೊಳ್ಳಿ.

ಕಾರವಾರದ ಮರಳ ಮೇಲೆ ನಿಂತ್ರೆ ಎದುರಿಗೆ ಕಡಲಲ್ಲಿ ಗುಡ್ಡಗಳು ಎದ್ದು ಕಾಣ್ತವೆ. ಒಂದು ಕೂರ್ಮಗಡ. ಅಲ್ಲಿ ನರಸಿಂಹ ದೇವರ ಗುಡಿ ಐತೆ, ಪುಷ್ಯ ಹುಣ್ಣಿಮೆ ಜಾತ್ರೆಗೆ ಊರೋರೆಲ್ಲ ದೋಣಿ ಮೇಲೆ ಬಾಳೆಗೊನೆ ತಗೊಂಡು ಹೋಗ್ತಾರಂತೆ. ಇನ್ನೊಂದು ದೇವಗಡ. ಇಂಗ್ಲಿಷಿನೋರು ಅದಕ್ಕೆ ಆಯ್‌ಸ್ಟರ್ ರಾಕ್ ಅಂತ ಹೆಸರಿಟ್ಟಿದ್ರು. ದೀಪ ಇರೋದು ಅದರ ಮೇಲೆ.

ಹೋದ ಸಂಜೆಯೇ ಅದನ್ನ ನೋಡಿದೆ. ಕತ್ತಲಾದ ಮೇಲೆ ದೂರದಲ್ಲಿ ಒಂದು ಬೆಳಕು ಮಿಂಚಿ ಹೋಯ್ತು. ಮತ್ತೆ ಕತ್ತಲು. ಮತ್ತೆ ಮಿಂಚಿತು. "ಅಜ್ಜಿ, ಎಣಿಸು, ಒಂದೊಂದು ಲೈಟ್‌ಹೌಸಿಂದು ಒಂದೊಂದು ಲೆಕ್ಕ" ಅಂದ ಮೊಮ್ಮಗ. ಅವನು ಒಂದು ಲೆಕ್ಕ ಹೇಳ್ದ, ನಾನು ಒಂದು ಹೇಳ್ದೆ. ನಾನು ನಿಧಾನ ಎಣಿಸ್ತೀನಿ ಅಂತ ಅವನ ತಕರಾರು. ಆದ್ರೆ ಅವನು ಹೇಳಿದ್ದು ನಿಜ. ಹಡಗಿನೋರು ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಮಿಂಚುತ್ತೆ, ಎಷ್ಟು ಸಲ ಮಿಂಚುತ್ತೆ ಅಂತ ಎಣಿಸಿ, ಕೈಲಿರೋ ಪಟ್ಟೀಲಿ ನೋಡಿ, ಇದು ಇಂಥ ಊರು ಅಂತ ತಿಳ್ಕೊಳ್ತಾರೆ. ಪಕ್ಕಪಕ್ಕದ ಎರಡು ದೀಪಕ್ಕೆ ಒಂದೇ ಲೆಕ್ಕ ಇಡಲ್ಲ. ನಮ್ಮ ಕಡೆ ಕತ್ತಲಲ್ಲಿ ಕೆಮ್ಮು ಕೇಳಿ ಯಾರು ಬಂದ್ರು ಅಂತ ಹೇಳ್ತೀವಲ್ಲ, ಹಾಗೆ.

ಮಾರನೇ ದಿನ ಬೆಳಿಗ್ಗೆ ಅನುಮತಿ ಗಿನುಮತಿ ಎಲ್ಲ ಅಳಿಯಂದ್ರೇ ನೋಡ್ಕೊಂಡಿದ್ರು. ದೋಣಿಯವರು ಕೊಂಕಣೀಲಿ ತಮ್ಮ ತಮ್ಮಲ್ಲಿ ಮಾತಾಡ್ತಾ, ನಮ್ಮ ಹತ್ರ ಕನ್ನಡದಲ್ಲಿ "ಕೂತ್ಕೊಳ್ಳಿ ಅಮ್ಮ, ಏಳಬೇಡಿ" ಅಂತಿದ್ರು. ನನಗೆ ಏಳೋ ಧೈರ್ಯ ಎಲ್ಲಿತ್ತು? ಎರಡೂ ಕೈಲಿ ಹಲಗೆ ಹಿಡ್ಕೊಂಡು, ಮನೆದೇವ್ರು ನೆನೆಸ್ಕೊಂಡು ಕೂತಿದ್ದೆ. ಮಳೆಗಾಲದಲ್ಲಿ ಈ ದೋಣಿಗಳೇ ಓಡಲ್ಲ. ಆಗ ಅಲ್ಲಿ ಇರೋರು ಏನು ಮಾಡ್ತಾರೆ ಅಂತ ಕೇಳಿದೆ. "ಅಕ್ಕಿ ಬೇಳೆ ಮುಂಚೆಯೇ ತುಂಬ್ಕೋಬೇಕು" ಅಂದ್ರು. ಮಳೆಗಾಲಕ್ಕೆ ಸೌದೆ, ಹುಣಸೆಹಣ್ಣು, ಮೆಣಸಿನಕಾಯಿ ಕೂಡಿಡೋ ಮನೆಯೋಳು ನಾನು. ನನಗೆ ಅದು ತಕ್ಷಣ ಅರ್ಥ ಆಯ್ತು. ಆದ್ರೆ ನಮಗೆ ಉಪ್ಪು ಮುಗಿದ್ರೆ ಪಕ್ಕದ ಮನೆ ಐತೆ. ಅಲ್ಲಿ ಪಕ್ಕದ ಮನೆ ಅಂದ್ರೆ ಕಡಲು.

ದಡದ ಬಂಡೆ ಮೇಲೆ ಇಳಿಯೋದೊಂದೇ ಕಷ್ಟ. ಆಮೇಲೆ ನಡಿಗೆ ಸಲೀಸು. ನಮ್ಮ ಸಿದ್ಧರಬೆಟ್ಟ ಹತ್ತಿದೋರಿಗೆ ಇದು ಅಂಗಳ ದಾಟಿದ ಹಾಗೆ. ಮರದ ನೆರಳಲ್ಲೇ ದಾರಿ ಏರುತ್ತೆ. ಕಾಲ ಕೆಳಗೆ ಒಣ ಎಲೆ ಚರ್ ಚರ್ ಅಂತವೆ, ಎಲೆ ಕೆಳಗೆ ಕೆಂಪು ಮಣ್ಣು, ಕಲ್ಲು. ಬಳ್ಳಿಗಳು ಒಂದು ಮರದಿಂದ ಇನ್ನೊಂದಕ್ಕೆ ಹಬ್ಬಿದ್ವು. ಹೊರಗೆ ಕಡಲಿನ ಸದ್ದು, ಒಳಗೆ ಹಕ್ಕಿ ಸದ್ದು. ನನ್ನ ಮಂಡಿ ನೋವಿಗೆ ಮೂರು ಕಡೆ ಕೂತೆ. ಕೂತಾಗೆಲ್ಲ ಮೊಮ್ಮಗ ಮುಂದೆ ಓಡಿ ಹೋಗಿ ವಾಪಸ್ ಬಂದು "ಇನ್ನೊಸಿ ಅಜ್ಜಿ, ಇನ್ನೊಸಿ" ಅಂತ ಸುಳ್ಳು ಹೇಳ್ತಿದ್ದ. ಮರ ಮುಗಿದ ಕೂಡಲೇ ಬಿಳೀ ಗೋಪುರ. ಸುತ್ತ ಬಿಸಿಲು, ಕೆಳಗೆ ನಾಲ್ಕೂ ಕಡೆ ನೀರು. ಅಲ್ಲಿ ನಿಂತು ತಿರುಗಿ ನೋಡಿದ್ರೆ ಕಾರವಾರ ಊರು ಕಾಳಿ ನದಿ ಬಾಯಿಯ ಪಕ್ಕದಲ್ಲಿ ಸಣ್ಣಗೆ ಕಾಣುತ್ತೆ, ಹಿಂದೆ ಸಾಲು ಸಾಲು ಘಟ್ಟ.

ಈ ದೀಪ ಇಲ್ಲಿಗೆ ಯಾಕೆ ಬಂತು ಅನ್ನೋದು ದೊಡ್ಡ ಕಥೆ. ಅಳಿಯಂದ್ರು ತಂದುಕೊಟ್ಟ ಪುಸ್ತಕಗಳನ್ನ ಮಧ್ಯಾಹ್ನ ಓದ್ತಾ ಓದ್ತಾ ನನಗೇ ಆಶ್ಚರ್ಯ ಆಯ್ತು. ಪಿಯುಸೀಲಿ ಇತಿಹಾಸ ತಗೊಂಡಿದ್ದೋಳು ನಾನು. ಅಮೆರಿಕದ ಅಂತರ್ಯುದ್ಧ, 1861ರಿಂದ 1865, ಲಿಂಕನ್, ಗುಲಾಮಗಿರಿ, ಎಲ್ಲ ಬಾಯಿಪಾಠ ಮಾಡಿ ಬರೆದು ಪಾಸಾದೋಳು. ಆ ಯುದ್ಧಕ್ಕೂ ಕಾರವಾರಕ್ಕೂ ಸಂಬಂಧ ಐತೆ ಅಂತ ಆಗ ಯಾರೂ ಹೇಳಿರಲಿಲ್ಲ.

ಸಂಬಂಧ ಏನು ಅಂದ್ರೆ ಹತ್ತಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಬರ್ತಿದ್ದದ್ದು ಹೆಚ್ಚಾಗಿ ಅಮೆರಿಕದಿಂದ. ಅಲ್ಲಿ ಯುದ್ಧ ಹತ್ತಿಕೊಂಡ ಮೇಲೆ ಹಡಗು ನಿಂತವು, ಗಿರಣಿ ನಿಂತವು. ಗಿರಣಿ ಯಜಮಾನ್ರ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿ ಮೇಲೆ ಬಿತ್ತು. ಹತ್ತಿ ಬೆಳೆಯೋದು ಘಟ್ಟದ ಮೇಲೆ, ಹಡಗು ಬರೋದು ಘಟ್ಟದ ಕೆಳಗೆ. ಅಲ್ಲೀವರೆಗೆ ಆ ಹತ್ತಿ ಹೆಚ್ಚಾಗಿ ಕುಮಟಾ ಬಂದರಿಂದ ಹೋಗ್ತಿತ್ತು. ಎಷ್ಟರಮಟ್ಟಿಗೆ ಅಂದ್ರೆ, ಕುಮಟೇಲಿ ಹತ್ತಿ ಬೆಳೆಯದೇ ಇದ್ರೂ ಪೇಟೆಯೋರು ಅದನ್ನ ಕುಮಟಾ ಹತ್ತಿ ಅಂತಲೇ ಕರೀತಿದ್ರು. ನಮ್ಮ ಕಡೆ ಅರಸೀಕೆರೆ, ಹುಳಿಯಾರು, ಗುಬ್ಬಿ ಕೊಬ್ಬರಿ ಎಲ್ಲ ದೆಹಲಿ ಕಡೆ ಹೋದ್ಮೇಲೆ ತಿಪಟೂರು ಕೊಬ್ಬರಿ ಆಗುತ್ತಲ್ಲ, ಹಾಗೇ ಅನ್ನಿ. ಆದ್ರೆ ದೊಡ್ಡ ಹಡಗು ಗಾಳಿಗೆ ಮರೆಯಾಗಿ ನಿಲ್ಲೋಕೆ ಕಾರವಾರದ ಕೊಲ್ಲಿಯೇ ಚೆಂದ ಅಂತ ತೀರ್ಮಾನ ಆಯ್ತು. ಅದಕ್ಕೋಸ್ಕರ 1862ರಲ್ಲಿ ಉತ್ತರ ಕನ್ನಡವನ್ನ ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿಬಿಟ್ರು. ದಕ್ಷಿಣ ಕನ್ನಡ ಮದರಾಸಲ್ಲೇ ಉಳೀತು. ಒಂದೇ ಕರಾವಳಿ, ಒಂದೇ ಭಾಷೆ, ಮಧ್ಯೆ ಗೆರೆ. ದಾಯಾದಿಗಳು ತೋಟ ಪಾಲು ಮಾಡ್ಕೊಂಡ ಹಾಗೆ. ಪಾಲಾದದ್ದು ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಯಾರದೋ ಗಿರಣಿಗೆ ಹತ್ತಿ ಬೇಕಾಗಿ ನಮ್ಮ ಜನ ತೊಂಬತ್ತು ವರ್ಷಕ್ಕೂ ಮೀರಿ ಬೇರೆ ಬೇರೆ ಆಗಿದ್ರು ನೋಡಿ. ಇದನ್ನ ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಕಾರವಾರ ಜಿಲ್ಲಾ ಕೇಂದ್ರ ಆಯ್ತು. ಘಟ್ಟದ ರಸ್ತೆ ಕೆಲಸ ನಡೀತು. ಆ 1860ರ ದಶಕದಲ್ಲೇ ದೇವಗಡದ ತಲೆ ಮೇಲೆ ಈ ದೀಪವೂ ಎದ್ದಿತು. ಹಡಗುಗಳು ಸಾಲುಗಟ್ಟಿ ಬರ್ತವೆ, ರಾತ್ರಿ ಬಂದ್ರೆ ಬಂಡೆಗೆ ಬಡೀಬಾರದು ಅಂತ.

ಆದ್ರೆ ಆಗಿದ್ದೇನು? ಅಮೆರಿಕದ ಯುದ್ಧ 1865ಕ್ಕೆ ಮುಗೀತು. ಅಲ್ಲಿ ಹತ್ತಿ ಮತ್ತೆ ಹೊರಟಿತು, ಇಲ್ಲಿ ಬೆಲೆ ಬಿತ್ತು. ಕಾರವಾರಕ್ಕೆ ರೈಲು ಹಾಕ್ತೀವಿ ಅಂದೋರು ಹಾಕಲಿಲ್ಲ. 1880ರ ದಶಕದ ಕೊನೆಗೆ ಘಟ್ಟ ಇಳಿದ ರೈಲು ಹೋಗಿ ಸೇರಿದ್ದು ಪೋರ್ಚುಗೀಸರ ಗೋವಾದ ಮರ್ಮಗೋವಾ ಬಂದರಿಗೆ. ಘಟ್ಟದ ಮೇಲಿನ ಸರಕೂ ಅದರ ಹಿಂದೆ ಆ ಕಡೆ ಹೋಯ್ತು. ಅದೇ ದಶಕದಲ್ಲಿ ಬೆಂಗಳೂರು–ಹರಿಹರ ಲೈನು ನಮ್ಮ ತಿಪಟೂರಿನ ಮೇಲೆ ಹಾದು ಬಂತು. ಕಡಲಿಲ್ಲದ ನಮ್ಮೂರಿಗೆ ಆಗಲೇ ರೈಲು, ಬಂದರು ಇಟ್ಕೊಂಡು ಕೂತಿದ್ದ ಕಾರವಾರಕ್ಕೆ ಕೊಂಕಣ ರೈಲು ಬರೋಕೆ 1990ರ ದಶಕ ಆಗಬೇಕಾಯ್ತು. ಹುಬ್ಬಳ್ಳಿಯಿಂದ ಅಂಕೋಲಕ್ಕೆ ರೈಲು ಹಾಕೋ ಮಾತು ಕಾಡಿನ ತಕರಾರಲ್ಲಿ ಇನ್ನೂ ನಡೀತಾನೇ ಐತೆ. ಕಾಡು ಉಳಿಯಲಿ ಅನ್ನೋದೂ ನ್ಯಾಯವೇ, ಅರಬೈಲ್ ಘಾಟಿ ಇಳಿದು ಬಂದ ಮೇಲೆ ಆ ಮಾತನ್ನ ಇಲ್ಲ ಅನ್ನೋಕೆ ಬಾಯಿ ಬರಲ್ಲ.

ಅಂದ್ಕೊಂಡ ಹಡಗು ಬರಲಿಲ್ಲ. ದೀಪ ಮಾತ್ರ ಉರೀತಾ ಹೋಯ್ತು. ಮೀನಿನ ದೋಣಿಗಳು, ಮುಂಬಯಿಂದ ಮಂಗಳೂರಿಗೆ ಹೋಗೋ ಹಾಯಿ ಹಡಗುಗಳು, ದಾರಿಹೋಕರು ಯಾರೋ, ಅವರೆಲ್ಲ ಅದನ್ನ ನೋಡ್ಕೊಂಡು ಹೋಗ್ತಿದ್ರು. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದಿದ್ರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಇಪ್ಪತ್ತೆರಡು ವರ್ಷದ ಹುಡುಗ ಆಗ. ಇಲ್ಲಿ ಇದ್ದಾಗಲೇ ಒಂದು ನಾಟಕ ಬರೆದ್ರು. ಕಡಲ ದಂಡೆಗೆ ಈಗ ಅವರದೇ ಹೆಸರು.

ಗೋಪುರದ ಹತ್ರ ಇದ್ದ ನೌಕರರು ಒಳ್ಳೆ ಮನುಷ್ಯ. ಕುಡಿಯೋಕೆ ನೀರು ಕೊಟ್ರು. ನಾನು ಕೇಳಿದ ಮೊದಲನೇ ಪ್ರಶ್ನೆಗೆ ಮಗಳು ಹಣೆ ಹಣೆ ಚಚ್ಕೊಂಡ್ಲು. "ಸ್ವಾಮಿ, ಕರೆಂಟ್ ಬರೋಕೆ ಮುಂಚೆ ದೀಪಕ್ಕೆ ಯಾವ ಎಣ್ಣೆ ಹಾಕ್ತಿದ್ರು?" ಅಂದೆ. ಅವರು, "ನಾನು ಕೆಲಸಕ್ಕೆ ಬಂದಾಗ ಕರೆಂಟೇ ಅಮ್ಮ. ಹಿಂದೆ ಸೀಮೆಎಣ್ಣೆ, ಅದಕ್ಕೂ ಹಿಂದೆ ದಕ್ಷಿಣದ ಕಡೆ ಕೊಬ್ಬರಿ ಎಣ್ಣೆ ಅಂತ ಹೇಳ್ತಾರೆ" ಅಂದ್ರು.

ನಾನು ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ. ಮಗಳು ಮಂಡಿ ನೋವು ಅಂದ್ಕೊಂಡ್ಲು.

ಯಾಕೆ ಕೂತೆ ಅನ್ನೋದು ಹೇಳಬೇಕಾದ್ರೆ ನಮ್ಮ ತವರಿಗೆ ಹೋಗಬೇಕು. ತುರುವೇಕೆರೆ ತಾಲ್ಲೂಕಲ್ಲಿ ನಮ್ಮದು ತೆಂಗಿನ ತೋಟ, ತೋಟದ ಬದೀಲಿ ಕಪಿಲೆ ಬಾವಿ. ಈಗಿನ ಹುಡುಗರಿಗೆ ಕಪಿಲೆ ಗೊತ್ತಿಲ್ಲ. ಬಾವಿ ಬಾಯಲ್ಲಿ ಎರಡು ಕಲ್ಲು ಕಂಬ, ಮೇಲೆ ಗಾಲಿ, ಎತ್ತು ಇಳಿಜಾರಲ್ಲಿ ಹಗ್ಗ ಎಳೆದ್ರೆ ಚರ್ಮದ ಚೀಲದಲ್ಲಿ ನೀರು ಮೇಲೆ ಬರೋದು. ಬಾವಿ ಬಾಯಿ ನೆಲಕ್ಕೆ ಸಮ. ಕಟ್ಟೆ ಇರಲಿಲ್ಲ. ಸಂತೆಯಿಂದ ಬರೋ ಕಾಲುದಾರಿ ಅದರ ಪಕ್ಕದಲ್ಲೇ. ನನಗೆ ಏಳೋ ಎಂಟೋ ವರ್ಷ. ಒಂದು ಅಮಾವಾಸ್ಯೆ ರಾತ್ರಿ ನಮ್ಮ ದೊಡ್ಡಪ್ಪ ಸಂತೆ ಮುಗಿಸ್ಕೊಂಡು ಬರೋರು ಬರಲಿಲ್ಲ. ಬೆಳಿಗ್ಗೆ ಬಾವೀಲಿ ಅವರ ಟವೆಲ್ಲು ತೇಲ್ತಿತ್ತು.

ತಿಥಿ ಮುಗಿದ ಮಾರನೇ ದಿನದಿಂದ ಅಜ್ಜಿ ಆ ಕಪಿಲೆ ಕಂಬಕ್ಕೆ ದೀಪ ಕಟ್ಟೋಕೆ ಶುರು ಮಾಡಿದ್ರು. ಸೀಮೆಎಣ್ಣೆ ಕಾರ್ಡಿಗೆ ಒಂದಿಷ್ಟು ಸಿಗೋದು, ಮನೆಗೇ ಸಾಲ್ತಿರಲಿಲ್ಲ. ಅಜ್ಜಿ ಡಾಲ್ಡಾ ಡಬ್ಬದ ಒಂದು ಪಕ್ಕ ಕತ್ತರಿಸಿ, ಅಲ್ಲಿಗೆ ಒಂದು ಗಾಜಿನ ಚೂರು ಸಿಕ್ಕಿಸಿ, ಒಳಗೆ ಹಣತೆ ಇಟ್ರು. ಮೊದಲು ಹೊಂಗೆ ಎಣ್ಣೆ ಹಾಕಿದ್ರು. ಒಂದೇ ರಾತ್ರೀಲಿ ಗಾಜು ಕರಿ ಹಿಡೀತು. ಆಮೇಲೆ ಕೊಬ್ಬರಿ ಎಣ್ಣೆ. ಅದಕ್ಕೆ ಹೊಗೆ ಕಡಿಮೆ, ಬೆಳಕು ಬಿಳುಪು. ಡಬ್ಬದ ಹೊಳೆಯೋ ತಗಡು ಹಿಂದಿನಿಂದ ಬೆಳಕನ್ನ ಮುಂದಕ್ಕೆ ತಳ್ಳೋದು. ಕೆರೆ ಏರಿ ಮೇಲಿಂದ ಕಾಣ್ತಿತ್ತು.

ನಮ್ಮ ಕಡೆ ಕೊಬ್ಬರಿ ಎಣ್ಣೆ ಅಡುಗೆಗೆ ಹಾಕಲ್ಲ, ಅದು ತಲೆಗೆ. ಉಂಡೆ ಕೊಬ್ಬರಿ ದುಡ್ಡಿನ ಮಾಲು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಗುಡುಗುಡು ಅಂದಮೇಲೆ ಸುಲಿದು, ಒಡೀದಂಗೆ ಚಿಪ್ಪು ಬಿಡಿಸಿ ಪೇಟೆಗೆ. ಚೂರಾದದ್ದು, ಕೌಟಾದದ್ದು ಮಾತ್ರ ಗಾಣಕ್ಕೆ. ಚೂರು ಮಾರಿದ್ರೂ ನಾಲ್ಕು ಕಾಸು ಬರೋದು. ಅದನ್ನ ಅಜ್ಜಿ ಬಾವಿ ದೀಪಕ್ಕೆ ಎತ್ತಿಡ್ತಿದ್ರು. ಅಪ್ಪ ಬೈತಿದ್ರು. "ಬಾವಿಗೆ ಕಟ್ಟೆ ಕಟ್ಟಿಸಾಯ್ತಲ್ಲವ್ವ, ಇನ್ನೂ ಯಾರಿಗೆ ದೀಪ?" ಅಜ್ಜಿ ಬಾಯಿ ತೆಗೀತಿರಲಿಲ್ಲ. ಮುಸ್ಸಂಜೆ ಆಗುತ್ಲೂ ನನ್ನ ಕೈಗೆ ಬೂದಿ ಬಟ್ಟೆ ಕೊಟ್ಟು ಗಾಜು ಉಜ್ಜಿಸೋರು. ನಮ್ಮಮ್ಮನಿಗೂ ಅದು ಇಷ್ಟ ಇರಲಿಲ್ಲ. ಸತ್ತೋರ ನೆನಪು ದಿನಾ ಹಚ್ಚಿಡೋದು ಮನೆಗೆ ಒಳ್ಳೇದಲ್ಲ ಅನ್ನೋರು. ಹೈಸ್ಕೂಲಿಗೆ ಬಂದಮೇಲೆ ನನಗೂ ನಾಚಿಕೆ ಆಗ್ತಿತ್ತು. ಜೊತೆ ಹುಡುಗೀರು "ನಿಮ್ಮನೆ ದೆವ್ವದ ದೀಪ" ಅಂತ ಆಡ್ಕೊಳ್ತಿದ್ರು. ಒಂದು ದಿನ ನಾನೂ ಅಜ್ಜಿಗೆ ಅದನ್ನೇ ಅಂದುಬಿಟ್ಟೆ. ಅಜ್ಜಿ ಗಾಜು ತಗೊಂಡು ತಾವೇ ಉಜ್ಜಿದ್ರು. ಮಾರನೇ ದಿನದಿಂದ ನನ್ನನ್ನ ಕರೀಲಿಲ್ಲ.

ಕಾರವಾರದ ಕಟ್ಟೆ ಮೇಲೆ ಕೂತಾಗ ನೆನಪಾದದ್ದು ಅದು.

ಆ ನೌಕರರು ಹೇಳಿದ ದಕ್ಷಿಣದ ಮಾತು ಹಿಡ್ಕೊಂಡು ಓದಿದ್ರೆ, ಅಜ್ಜಿ ಡಬ್ಬದಲ್ಲಿ ಮಾಡಿದ್ದೇ ಅಲ್ಲೂ ಐತೆ. ಮದರಾಸಿನ ಕೋಟೇಲಿ 1796ರಲ್ಲಿ ಮೊದಲನೇ ದೀಪ ಹಚ್ಚಿದ್ರು. ಬೇರೆ ಗೋಪುರ ಅಲ್ಲ, ಇದ್ದ ಕಟ್ಟಡದ ಮಾಳಿಗೆ ಮೇಲೆಯೇ ದೊಡ್ಡ ಲಾಂದ್ರ. ಆ ಕಟ್ಟಡ ಈಗ ಕೋಟೆಯ ಮ್ಯೂಸಿಯಂ. ಲಾಂದ್ರದೊಳಗೆ ಉರೀತಿದ್ದದ್ದು ಕೊಬ್ಬರಿ ಎಣ್ಣೆ. ಆಮೇಲೆ ಹೈಕೋರ್ಟ್ ಆವರಣದಲ್ಲಿ ಎತ್ತರದ ಕಲ್ಲು ಕಂಬ ಎಬ್ಬಿಸಿದ್ರು, 1844ರಲ್ಲಿ ಅಲ್ಲಿ ದೀಪ ಹೊತ್ತಿತು. ಅದಕ್ಕೂ ಕೊಬ್ಬರಿ ಎಣ್ಣೆಯೇ, ಹಿಂದೆ ಬೆಳಕು ತಳ್ಳೋ ಹೊಳೆಯೋ ತಟ್ಟೆಗಳು. 1894ರಲ್ಲಿ ದೀಪ ಹೈಕೋರ್ಟಿನ ಗುಮ್ಮಟದ ಮೇಲಕ್ಕೇ ಹೋಯ್ತು. ಮರೀನಾದಲ್ಲಿ ಈಗಿರೋದು 1977ರದು. ಕೇರಳದ ಆಲಪ್ಪುಳದಲ್ಲಿ 1862ರ ಮಾರ್ಚಿನಲ್ಲಿ ಹೊತ್ತಿದ ದೀಪಕ್ಕೆ 1952ರವರೆಗೆ ಕೊಬ್ಬರಿ ಎಣ್ಣೆ ಹಾಕಿದ್ರಂತೆ. ತೊಂಬತ್ತು ವರ್ಷ! ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೂ ಹಡಗುಗಳು ತೆಂಗಿನ ಬೆಳಕಲ್ಲೇ ಬರ್ತಿದ್ವು.

ಇಂಗ್ಲೆಂಡಲ್ಲಿ ಆ ಕಾಲಕ್ಕೆ ತಿಮಿಂಗಿಲದ ಎಣ್ಣೆ. ನಮ್ಮ ದಕ್ಷಿಣದ ದಡದಲ್ಲಿ ಕೊಬ್ಬರಿ ಎಣ್ಣೆ ಕೈಗೆ ಸಿಗ್ತಿತ್ತು, ಹೊಗೆಯೂ ಕಡಿಮೆ. ಇನ್ನೊಂದು, ಮೊದಲೇ ಹೇಳಿದ್ನಲ್ಲ ಬಾಟ್ಲಿ ಮಾತು. ಸುಮಾರು 24 ಡಿಗ್ರಿಗಿಂತ ತಣ್ಣಗಾದ್ರೆ ಕೊಬ್ಬರಿ ಎಣ್ಣೆ ಗಟ್ಟಿ ಆಗುತ್ತೆ. ಬೆಚ್ಚಗಿರೋ ಕರಾವಳೀಲಿ ಆ ತಾಪತ್ರಯ ಕಡಿಮೆ. ಅಜ್ಜಿಗೆ ಇದು ಧನುರ್ಮಾಸದ ತಲೆನೋವು. ಬೆಳಗಿನ ಜಾವ ಎದ್ದು ಎಣ್ಣೆ ಗಿಂಡೀನ ಒಲೆ ಪಕ್ಕ ಇಟ್ಟು ಕರಗಿಸೋರು. ಒಮ್ಮೆ ಹೊತ್ತಿಕೊಂಡ ದೀಪ ತನ್ನ ಕಾವಿಗೆ ತಾನೇ ಎಣ್ಣೆ ಕರಗಿಸ್ಕೊಳ್ಳುತ್ತೆ, ಹಚ್ಚೋದೇ ಕಷ್ಟ.

ಎಣ್ಣೆ ಹಾಕಿದ್ರೆ ಸಾಲದು, ಬೆಳಕು ಹತ್ತಾರು ಮೈಲಿ ಹೋಗಬೇಕಲ್ಲ. ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ದೊಡ್ಡ ಗೋಪುರದ ಮೇಲೆ ಬೆಂಕಿ ಉರಿಸ್ತಿದ್ರು. 1780ರಲ್ಲಿ ಅರ್ಗಾಂಡ್ ಅನ್ನೋ ಸ್ವಿಸ್ ಮನುಷ್ಯ ಬತ್ತೀನ ಕೊಳವೆ ಥರ ದುಂಡಗೆ ಮಾಡಿ, ನಡುವೆ ಗಾಳಿ ಹೋಗೋ ಹಾಗೆ ಬಿಟ್ಟು, ಮೇಲೆ ಗಾಜಿನ ಚಿಮಣಿ ಇಟ್ಟ. ಒಲೆ ಊದುಗೊಳವೆ ಹಿಡಿಯೋರಿಗೆ ಅದು ಯಾಕೆ ಜೋರಾಗಿ ಉರಿಯುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಫ್ರಾನ್ಸಿನ ಫ್ರೆನೆಲ್ ಬಂದ. 1823ರಲ್ಲಿ ಅಲ್ಲಿನ ಕೊರ್ದುವಾನ್ ದೀಪಸ್ತಂಭಕ್ಕೆ ಅವನು ಕೂರಿಸಿದ ಗಾಜು ಒಂದೇ ದಪ್ಪ ಗಾಜಲ್ಲ. ಉಂಗುರ ಉಂಗುರವಾಗಿ ಗಾಜಿನ ಪಟ್ಟಿಗಳು, ಒಂದೊಂದೂ ಬೆಳಕನ್ನ ಒಂದಿಷ್ಟು ಬಗ್ಗಿಸಿ ಎಲ್ಲಾನೂ ಒಂದೇ ದಿಕ್ಕಿಗೆ ಕಳಿಸೋದು. ಆ ಗಾಜನ್ನ ತಿರುಗಿಸೋಕೆ ಗೋಡೆ ಗಡಿಯಾರದ ಥರ ಕೀಲು. ಕೆಳಗೆ ತೂಗೋ ಭಾರ ಇಳೀತಾ ಇಳೀತಾ ಗಾಜು ತಿರುಗುತ್ತೆ, ಭಾರ ತಳ ಮುಟ್ಟೋ ಮುಂಚೆ ಮನುಷ್ಯ ಎದ್ದು ಮತ್ತೆ ಮೇಲಕ್ಕೆ ಸುತ್ತಬೇಕು. ರಾತ್ರಿಯೆಲ್ಲ. ಬತ್ತಿಯ ಕುಡಿ ಕತ್ತರಿಸಬೇಕು, ಎಣ್ಣೆ ನೋಡಬೇಕು, ಹಗಲು ಗಾಜು ಒರೆಸಬೇಕು. ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಫ್ರೆನೆಲ್ ಹೆಸರು ಐತೆ, ಗಾಜು ಒರೆಸಿದೋರ ಹೆಸರಿಲ್ಲ. ಒಂದು ಸಂಜೆ ಒರೆಸದೇ ಬಿಟ್ರೆ ಫ್ರೆನೆಲ್ ಗಾಜೂ ನಮ್ಮ ಡಬ್ಬದ ಗಾಜೂ ಒಂದೇ.

ನಮ್ಮ ಕರಾವಳೀಲಿ ಇನ್ನೂ ದೀಪಗಳವೆ. ಮಂಗಳೂರಿನ ಬಾವುಟಗುಡ್ಡೆಗೆ ಆ ಹೆಸರು ಬಂದದ್ದೇ ಹಡಗಿಗೆ ಕಾಣಲಿ ಅಂತ ಬಾವುಟ ಏರಿಸ್ತಿದ್ದದ್ದರಿಂದ. ಅಲ್ಲಿನ ದೀಪದ ಕೆಲಸ 1972ರಲ್ಲಿ ಸುರತ್ಕಲ್ಲಿಗೆ ಹೋಯ್ತು. ಉಡುಪಿ ಹತ್ರದ ಕಾಪು ದೀಪ 1901ರದು, ಬಂಡೆ ಮೇಲೆ ನಿಂತೈತೆ, ಧರ್ಮಸ್ಥಳ ಟ್ರಿಪ್ ಹೋದಾಗ ನೀವೂ ನೋಡಿರ್ತೀರ. ಬ್ರಿಟಿಷರ ಕಾಲದಲ್ಲಿ ಒಂದೊಂದು ಪ್ರಾಂತ ಒಂದೊಂದು ಥರ ನಡೆಸ್ತಿದ್ದ ಈ ದೀಪಗಳಿಗೆಲ್ಲ ಸೇರಿಸಿ 1927ರಲ್ಲಿ ಒಂದು ಕಾನೂನು ಮಾಡಿದ್ರು. 2021ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಈಗ ಹಡಗಿನೋರ ಕೈಲಿ ಜಿಪಿಎಸ್ ಐತೆ. "ಹಂಗಾದ್ರೆ ದೀಪ ಯಾಕೆ ಬೇಕು?" ಅಂದ ಮೊಮ್ಮಗ. ನಮ್ಮಪ್ಪ ಅಜ್ಜಿಗೆ ಕೇಳಿದ್ದ ಮಾತೇ. ನೌಕರರು ನಕ್ಕು, "ಸಣ್ಣ ದೋಣಿಯವರು ಈಗ್ಲೂ ಇದನ್ನೇ ನೋಡೋದು ಮರಿ, ಮಶೀನು ಕೆಟ್ಟರೆ ದೊಡ್ಡ ಹಡಗಿನವರೂ ಇದನ್ನೇ ನೋಡೋದು" ಅಂದ್ರು. ನಮ್ಮನ್ನ ದಡಕ್ಕೆ ವಾಪಸ್ ಕರ್ಕೊಂಡು ಬಂದ ದೋಣಿಯವರೂ ಅದೇ ಹೇಳಿದ್ರು. ಮೊಬೈಲಿಗೆ ಚಾರ್ಜ್ ಇರಲ್ಲ, ಅದಕ್ಕೆ ಇರುತ್ತೆ ಅಂತ.

ಅಜ್ಜಿ ದೀಪ ನಿಂತದ್ದು ಅವರು ಹಾಸಿಗೆ ಹಿಡಿದ ವರ್ಷ. ಆಗಲೇ ಪಂಪ್‌ಸೆಟ್ ಮನೆಗೆ ಕರೆಂಟ್ ಬಲ್ಬು ಬಂದಿತ್ತು. ಕರೆಂಟ್ ಹೋದ ರಾತ್ರಿ ಮಲಗಿದ್ದಲ್ಲಿಂದಲೇ "ಬಾವಿ ಕಡೆ ಕತ್ಲು ಐತೇನ್ರಪ್ಪ" ಅಂತ ಕೇಳೋರು. ನನ್ನ ಮದುವೆ ಆಗಿ ಚಿಕ್ಕನಾಯಕನಹಳ್ಳಿ ಕಡೆ ಬಂದಿದ್ದೆ. ಒಂದು ಸಲ ನೋಡೋಕೆ ಹೋದಾಗ ನಾನು ಡಬ್ಬ ಹುಡುಕಿ, ಗಾಜು ಉಜ್ಜಿ, ದೀಪ ಕಟ್ಟಿ ಬಂದು, "ಹಚ್ಚಿದ್ದೀನಿ ಅಜ್ಜಿ" ಅಂದೆ. ಅವರು "ಹೊಗೆ ಬತ್ತದಾ?" ಅಂದ್ರು. ಇಲ್ಲ ಅಂದೆ. ಅಷ್ಟೇ ಮಾತು.

ನಾನು ಕಾರವಾರದಿಂದ ಬಂದ ವಾರಕ್ಕೆ ತಮ್ಮನ ಫೋನ್ ಬಂತು. ಬಾವಿ ಬತ್ತಿ ಎಷ್ಟೋ ವರ್ಷ ಆಯ್ತು, ಈಗೆಲ್ಲ ಬೋರ್‌ವೆಲ್ಲು, ಮಕ್ಕಳು ಓಡಾಡ್ತವೆ, ಜೆಸಿಬಿ ತರಿಸಿ ಮುಚ್ಚಿಸ್ತೀನಿ, ನೀನು ಏನಂತೀಯ ಅಕ್ಕ ಅಂದ. ಬೇಡ ಅನ್ನೋಕೆ ನನಗೆ ಏನು ಹಕ್ಕು? ತೆರೆದ ಬಾವಿ ಎಷ್ಟು ಅಪಾಯ ಅನ್ನೋದು ನಮ್ಮನೆಗಿಂತ ಇನ್ಯಾರಿಗೆ ಗೊತ್ತು. ಮುಚ್ಚಿಸು ಅಂದೆ. ಕಪಿಲೆ ಕಂಬ ಮಾತ್ರ ಒಡೆಸಬೇಡ, ಎತ್ತಿ ತೋಟದ ಬದೀಲಿ ನಿಲ್ಲಿಸು ಅಂದೆ. "ಅದನ್ನ ಇಟ್ಕೊಂಡು ಏನ್ ಮಾಡ್ತೀಯಕ್ಕ?" ಅಂದ. ಆಮೇಲೆ ಅವನೇ ಸುಮ್ಮನಾದ. ಅವನು ದೊಡ್ಡಪ್ಪನ್ನ ನೋಡಿದ್ದು ನೆನಪಿಲ್ಲ, ಆಗ ಅವನು ತೊಟ್ಟಿಲಲ್ಲಿದ್ದ. ದೀಪ ನೆನಪಿದೆ.

ಎರಡು ಕಂಬದಲ್ಲಿ ಒಂದು ಜೆಸಿಬಿ ಹಲ್ಲಿಗೆ ಸಿಕ್ಕಿ ಮುರೀತಂತೆ. ಇನ್ನೊಂದು ಉಳೀತು. ಅದರಲ್ಲೇ ಅಜ್ಜಿ ಹೊಡೆಸಿದ್ದ ಕಬ್ಬಿಣದ ಕೊಕ್ಕೆ ಇರೋದು. ಕೊಕ್ಕೆ ಮೇಲೆ ಕಲ್ಲು ಇನ್ನೂ ಕರ್ರಗೈತೆ. ಹೊಂಗೆ ಎಣ್ಣೆ ಹಾಕಿದ ಆ ಮೊದಲ ದಿನಗಳ ಮಸಿ ಇರಬೇಕು. ಡಬ್ಬ ಎಲ್ಲಿ ಹೋಯ್ತೋ ಸಿಕ್ಕಿಲ್ಲ. ತವರಿನ ಅಟ್ಟದಲ್ಲಿ ಈ ಸಲದ ಕಾಯಿ ಖಾಲಿ ಆದಮೇಲೆ ಹೋಗಿ ಹುಡುಕ್ತೀನಿ ಅಂತ ತಮ್ಮನ ಹೆಂಡತಿಗೆ ಹೇಳಿಟ್ಟಿದ್ದೀನಿ.